ಟ್ರಂಕಾಲಕ್ಕನ ಕಿವಿ ಹರಾಜಿಗೆ ಬಂದದ್ದು

ಲೋಕದಲ್ಲಿ ಕೆಲವರು ಕಂಠದಿಂದ ಹೆಸರು ಮಾಡುತ್ತಾರೆ, ಕೆಲವರು ಕೈಗುಣದಿಂದ, ಬಹಳ ಮಂದಿ ಬರೀ ಬಾಯಿಂದ. ಟ್ರಂಕಾಲಕ್ಕ ಹೆಸರು ಮಾಡಿದ್ದು ಕಿವಿಯಿಂದ. ಅದು ಅಂತಿಂಥ ಕಿವಿಯಲ್ಲ. ಸಾವಿರ ಮೈಲಿ ಆಚೆಯಿಂದ, ತಂತಿಯೊಳಗಿನ ಗೊರಗೊರ ಸದ್ದಿನ ನಡುವೆ, ಅಳುತ್ತ ತೊದಲುವವನ ನಂಬರನ್ನು ಒಂದೇ ಏಟಿಗೆ ಹಿಡಿದು ಲೈನು ಸಿಕ್ಕಿಸುತ್ತಿದ್ದ ಕಿವಿ. ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವಳು ಹದಿನಾಲ್ಕು ವರ್ಷ ಕೂತಿದ್ದಳು. ಟ್ರಂಕ್ ಕಾಲ್ ಬುಕ್ ಮಾಡಿ ಜನ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲ ಅದು. ಊರಿನ ಮದುವೆ, ಮರಣ, ಹೆರಿಗೆ, ವ್ಯಾಪಾರ, ಮುನಿಸು, ರಾಜಿ ಎಲ್ಲವೂ ಅವಳ ಕಿವಿಯ ಪಕ್ಕದಿಂದಲೇ ಹಾದುಹೋಗಬೇಕಿತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಉಳಿಯಿತು. ಊರಿನ ಬಾಯಲ್ಲಿ ಅವಳು ಟ್ರಂಕಾಲಕ್ಕನಾದಳು.

ಕೆಲಸ ಕಲಿಸಿದ ಹಿರಿಯಮ್ಮ ಮೊದಲ ದಿನವೇ ಅವಳನ್ನು ಕೂರಿಸಿಕೊಂಡು ಉಪದೇಶ ಮಾಡಿದ್ದರು. "ನೋಡು ಮಗಾ, ಆಚೆಯವರು ಹಲೋ ಅಂದ್ರು, ಈಚೆಯವರು ಹಲೋ ಅಂದ್ರು, ಅಲ್ಲಿಗೆ ನಿನ್ನ ಕೆಲಸ ಮುಗೀತು. ಕಿವಿ ಕಿತ್ಕೊ. ತಪ್ಪಿ ಒಂದೆರಡು ಮಾತು ಒಳಗೆ ಬಿತ್ತು ಅನ್ನು, ಅದು ಅಲ್ಲೇ ಸಾಯ್ಬೇಕು. ಮನೆಗೆ ಹೊತ್ಕೊಂಡು ಹೋದ್ರೆ ಪಾಪ, ಮಾರ್ಕೊಂಡ್ರೆ ಜೈಲು."

ಟ್ರಂಕಾಲಕ್ಕ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಸ್ವಂತ ಅತ್ತೆ ತನ್ನ ತಂಗಿಗೆ ಫೋನ್ ಮಾಡಿ, "ನಮ್ಮ ಸೊಸೆಗೆ ಅಡುಗೆಗೆ ಉಪ್ಪು ಎಷ್ಟು ಹಾಕ್ಬೇಕು ಅಂತಾನೂ ಗೊತ್ತಿಲ್ಲ ಕಣೇ" ಎಂದು ಶುರು ಮಾಡಿದಾಗಲೂ ಕಿವಿ ಕಿತ್ತುಕೊಂಡ ಧೀರೆ ಅವಳು. ಕಿತ್ತುಕೊಳ್ಳುವುದು ಅರ್ಧ ನಿಮಿಷ ತಡವಾಯಿತು, ಅಂದಿನಿಂದ ಎರಡು ವಾರ ಅತ್ತೆಯ ಪಾಲಿಗೆ ಉಪ್ಪಿನ ಬರಗಾಲ ಬಂತು ಎನ್ನುವುದು ಬೇರೆ ಮಾತು.

ಕಾಲ ಬದಲಾಗಿ ಎಕ್ಸ್‌ಚೇಂಜಿಗೆ ಬೀಗ ಬಿದ್ದಾಗ ಅವಳ ಕಿವಿಯ ಕೀರ್ತಿ ಕೈ ಹಿಡಿಯಿತು. ಊರಿನ ದೊಡ್ಡ ಆಸ್ಪತ್ರೆಯವರು ಕರೆದು ತಮ್ಮ ಟೆಲಿಫೋನ್ ಬೋರ್ಡಿನ ಮುಂದೆ ಕೂರಿಸಿದರು. ನೆಲಮಹಡಿಯ ಮೆಟ್ಟಿಲ ಕೆಳಗೆ, ತಲೆ ಬಗ್ಗಿಸಿ ನುಗ್ಗಬೇಕಾದ ಕೋಣೆ. ಗೋಡೆಗೆ ಒತ್ತಿ ಬೋರ್ಡು, ಅದರ ಮೇಲೆ ಮಿಣುಕುವ ದೀಪಗಳು, ಪಕ್ಕದಲ್ಲಿ ವಾರ್ಡುಗಳ ನಂಬರ್ ಪಟ್ಟಿ, ಮೂಲೆಯಲ್ಲಿ ಮೂರು ಪಾಳಿಯವರಿಗೂ ಸೇರಿ ಒಂದು ಕಂಪ್ಯೂಟರು. ಹೊರಗಿನವರ ಕಣ್ಣಿಗೆ ಅದು ಪೊರಕೆ ಇಡುವ ಜಾಗ. ಟ್ರಂಕಾಲಕ್ಕನಿಗೆ ಅದು ಸಿಂಹಾಸನ. ಇಪ್ಪತ್ತು ವರ್ಷಗಳಿಂದ ಬೆಳಗಿನ ಪಾಳಿ ಅವಳದೇ.

ಮಧ್ಯಾಹ್ನದ ಪಾಳಿಗೆ ಬರುವವಳು ಬುಲೆಟಿನಮ್ಮ. ಆಸ್ಪತ್ರೆಯ ಯಾವ ಮೂಲೆಯಲ್ಲಿ ಸೂಜಿ ಬಿದ್ದರೂ ಗಂಟೆಯೊಳಗೆ ಎಲ್ಲ ಮಹಡಿಗೂ ಸುದ್ದಿ ಮುಟ್ಟಿಸುವವಳು; ಅವಳ ಹೊಟ್ಟೆಯಲ್ಲಿ ಊಟ ನಿಂತೀತು, ಮಾತು ನಿಲ್ಲದು. ರಾತ್ರಿ ಪಾಳಿ ಪಿಸುಮಾತಣ್ಣನದು. ಅವನು ಗುಟ್ಟು ಹೇಳಿದರೆ ಮೂರನೇ ಮಹಡಿಯ ರೋಗಿಗಳು ಎದ್ದು ಕೂರುತ್ತಿದ್ದರು, ಅದಕ್ಕೇ ಆ ಹೆಸರು.

ಈ ಮೂವರ ಮೇಲೆ ಹೊಸದಾಗಿ ಒಬ್ಬ ಸೂಪರ್‌ವೈಸರ್ ಬಂದಿದ್ದರು. ಮೊದಲು ಉಗ್ರಾಣದಲ್ಲಿದ್ದವರು. ದಿಂಬು, ಬಕೆಟ್ಟುಗಳನ್ನು ಆಳಿದ ಶಿಸ್ತಿನಲ್ಲೇ ಮನುಷ್ಯರನ್ನೂ ಆಳಲು ಹೊರಟು, ಬಂದ ತಿಂಗಳಲ್ಲೇ ಹತ್ತೊಂಬತ್ತು ಸುತ್ತೋಲೆ ಹೊರಡಿಸಿದ್ದರು. ಹೀಗಾಗಿ ಸುತ್ತೋಲೆ ಸಾಹೇಬರು. ಅವುಗಳಲ್ಲಿ ಹನ್ನೊಂದನೆಯದು ಹೀಗಿತ್ತು: ಬೋರ್ಡಿನ ಮೇಲೆ ಕೂರುವವರೆಲ್ಲ ತಿಂಗಳಾಂತ್ಯದೊಳಗೆ ಕಿವಿ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು; ಅನುತ್ತೀರ್ಣರಾದವರನ್ನು ನೆಲಮಾಳಿಗೆಯ ಬಟ್ಟೆ ವಿಭಾಗಕ್ಕೆ ಕಳಿಸತಕ್ಕದ್ದು.

ಬಟ್ಟೆ ವಿಭಾಗವೆಂದರೆ ಒಗೆದು ಬಂದ ಹಾಸಿಗೆ ಹೊದಿಕೆಗಳನ್ನು ಎಣಿಸಿ ಮಡಿಸುವ ಜಾಗ. ಅಲ್ಲಿಗೆ ಫೋನ್ ಕೂಡ ಇರಲಿಲ್ಲ.

ಓದುಗರಿಗೆ ಈಗಾಗಲೇ ವಾಸನೆ ಹತ್ತಿರಬೇಕು. ಹೌದು, ಆ ಜಗತ್ಪ್ರಸಿದ್ಧ ಕಿವಿಗಳಿಗೆ ಮುಪ್ಪು ಬಂದಿತ್ತು. ಮನೆಯಲ್ಲಿ ಗಂಡ, ನಿವೃತ್ತ ಚಿತ್ರಕಲಾ ಮೇಷ್ಟ್ರು, ಮೆಲುದನಿಯ ಮನುಷ್ಯ, ಒಂದು ವರ್ಷದಿಂದ ಹೇಳುತ್ತಲೇ ಇದ್ದರು.

"ನಿನಗೆ ಕೇಳ್ಸೋದು ಕಮ್ಮಿ ಆಗಿದೆ ಕಣೇ."

"ನಿಮ್ಮ ಮಾತು ನಾನು ಯಾವತ್ತು ಕೇಳಿದ್ದೆ ಹೇಳಿ, ಈಗ ಕಮ್ಮಿಯಾಗೋಕೆ," ಎಂದು ಅವಳು ಟೀವಿಯ ದನಿ ಇನ್ನೆರಡು ಮೆಟ್ಟಿಲು ಏರಿಸುತ್ತಿದ್ದಳು.

ಆದರೆ ಬೋರ್ಡಿನ ಮುಂದೆ ಕೂತಾಗ ಅವಳಿಗೆ ಸುಳ್ಳು ಹೇಳಿಕೊಳ್ಳಲು ಆಗುತ್ತಿರಲಿಲ್ಲ. ಹೆಂಗಸರ, ಮಕ್ಕಳ ಸಣ್ಣ ದನಿಗಳು ಹತ್ತಿಯೊಳಗಿಂದ ಬಂದಂತೆ ಬರುತ್ತಿದ್ದವು. "ಇನ್ನೊಂದು ಸಲ ಹೇಳಿ" ಎಂಬ ಮಾತು ದಿನಕ್ಕೆ ಎರಡು ಸಲ ಇದ್ದದ್ದು ಇಪ್ಪತ್ತಾಯಿತು. ನಿವೃತ್ತಿಗೆ ಇನ್ನು ನಾಲ್ಕು ವರ್ಷ. ಆ ನಾಲ್ಕು ವರ್ಷ ಹೊದಿಕೆ ಎಣಿಸುತ್ತ ಕೂರಬೇಕಾದೀತು. ಊರಿನ ಅರ್ಧ ಜನರನ್ನು ಇನ್ನರ್ಧ ಜನರಿಗೆ ಜೋಡಿಸಿದವಳು ಕೊನೆಗೆ ದಿಂಬಿನ ಚೀಲಗಳ ಜೊತೆ ಮೂಕಿಯಾಗುವುದೇ?

ಹಾಗಾಗಿ ಒಂದು ದಿನ ಬೆಳಿಗ್ಗೆ ಬೋರ್ಡು ತಣ್ಣಗಿದ್ದ ಹೊತ್ತಿನಲ್ಲಿ, ಕೋಣೆಯ ಬಾಗಿಲು ಓರೆ ಮಾಡಿ, ಮೂಲೆಯ ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಕುಟ್ಟಿ ಕೇಳಿದಳು: ವಯಸ್ಸಾದ ಮೇಲೆ ಕಿವಿ ಮಂದವಾದರೆ ಏನು ಮಾಡಬೇಕು? ಉತ್ತರ ಧಾರಾಳವಾಗಿ ಬಂತು. ಕಾಲು ಗಂಟೆ ಓದಿದಳು. ಕಿವಿಯಲ್ಲಿ ಇಡುವ ಯಂತ್ರಗಳ ಚಿತ್ರ ನೋಡಿದಳು. ಆಮೇಲೆ ಪುಟ ಮುಚ್ಚಿ, ಕೈ ಒರೆಸಿಕೊಂಡು, ನಿಶ್ಚಿಂತೆಯಿಂದ ಬೋರ್ಡಿಗೆ ಮರಳಿದಳು. ಲೈನು ಕಿತ್ತ ಮೇಲೆ ಮಾತು ಮುಗಿಯಿತು, ಇದು ಅವಳ ಮೂವತ್ತನಾಲ್ಕು ವರ್ಷದ ಅನುಭವ. ಪುಟ ಮುಚ್ಚುವುದೂ ಲೈನು ಕೀಳುವುದೂ ಒಂದೇ ಎಂದು ಬೇರೆ ಯಾರು ನಂಬಿದರೂ ನಗಬಹುದಿತ್ತು. ಟೆಲಿಫೋನ್ ಆಪರೇಟರ್ ನಂಬಿದರೆ ಅದು ಶ್ರದ್ಧೆ.

ಮರುದಿನ ಕಂಪ್ಯೂಟರಿನಲ್ಲಿ ಪತ್ರಿಕೆಯ ಪುಟ ತೆರೆದಾಗ ಸುದ್ದಿಯ ಎಡಕ್ಕೊಂದು, ಬಲಕ್ಕೊಂದು ಕಿವಿ ಕಂಡವು. "ಮತ್ತೆ ಕೇಳಿ ಮೊಮ್ಮಕ್ಕಳ ನಗು" ಎಂದು ಒಂದು ಜಾಹೀರಾತು. "ಎಷ್ಟು ದಿನ ಮುಚ್ಚಿಡುತ್ತೀರಿ?" ಎಂದು ಇನ್ನೊಂದು. ಹವಾಮಾನದ ಪುಟಕ್ಕೆ ಓಡಿದಳು. ಅಲ್ಲೂ ಗುಲಾಬಿ ಬಣ್ಣದ ದೊಡ್ಡ ಕಿವಿ, ಅದರೊಳಗೆ ಶೇಂಗಾ ಬೀಜದಷ್ಟು ಯಂತ್ರ, ಪಕ್ಕದಲ್ಲಿ ಹಲ್ಲು ಕಿರಿಯುತ್ತಿದ್ದ ಮುದುಕ. ಟ್ರಂಕಾಲಕ್ಕ ಗಡಿಯಾರ ನೋಡಿದಳು. ಸುತ್ತೋಲೆ ಸಾಹೇಬರು ಪ್ರತಿದಿನ ಮಧ್ಯಾಹ್ನ ಒಂದೂವರೆಗೆ ಇದೇ ಕಂಪ್ಯೂಟರಿನ ಮುಂದೆ ಕೂತು ಊಟದ ಡಬ್ಬಿ ಬಿಚ್ಚಿ ಪತ್ರಿಕೆ ಓದುತ್ತಿದ್ದರು.

ಅವಳು ಕಂಪ್ಯೂಟರ್ ಮೇಸ್ತ್ರಿಗೆ ಫೋನು ಹಾಕಿದಳು. ಮೇಸ್ತ್ರಿ ಎಂದರೆ ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಸ್ಥೂಲಕಾಯದ ಮನುಷ್ಯ. ತಂತಿ ತುಂಬಿದ ಚೀಲ ಹೆಗಲಿಗೆ ಹಾಕಿಕೊಂಡು ಬಂದು, ಪರದೆ ನೋಡಿ, ಸ್ಟೂಲಿನ ಮೇಲೆ ಕುಕ್ಕರಿಸಿದ.

"ಇದು ಯಾರೋ ಹುಡುಕಿದ್ದು ಕಣಪ್ಪ," ಎಂದಳು ಟ್ರಂಕಾಲಕ್ಕ, ಸೀಲಿಂಗ್ ನೋಡುತ್ತ. "ಯಾರು ಅಂತ ಗೊತ್ತಿಲ್ಲ. ಮುಚ್ಚಿ ಹೋದ ಮೇಲೂ ಯಾಕೆ ಬರ್ತಿದೆ?"

"ಮುಚ್ಚಿದ್ದು ಪುಟ ಅಕ್ಕ. ಆ ಪುಟದಲ್ಲಿ ಕೂತಿದ್ದವರು ಎದ್ದು ಹೋಗಿಲ್ಲ."

"ಯಾರಪ್ಪ ಕೂತಿದ್ದವರು?"

"ಒಬ್ಬನಾದ್ರೆ ಹೆಸರು ಹೇಳ್ಬಹುದಿತ್ತು. ಇಪ್ಪತ್ತು ಮೂವತ್ತು ಕಂಪನಿ. ಆ ಯಾರೋ ಏನು ಓದಿದ್ರು, ಎಲ್ಲಿ ನಿಧಾನ ಮಾಡಿದ್ರು, ಯಾವ ಚಿತ್ರ ಎರಡು ಸಲ ನೋಡಿದ್ರು, ಎಲ್ಲ ಬರ್ಕೊಂಡು ಈ ಮೆಷಿನ್ನಿಗೆ ಒಂದು ಗುರುತು ಹಚ್ಚಿ ಹೋಗಿದ್ದಾರೆ. ಈಗ ನೀವು ಪತ್ರಿಕೆ ತೆಗೀತೀರಿ ಅನ್ನಿ. ಪುಟ ಕಣ್ಣಿಗೆ ಬೀಳೋದ್ರೊಳಗೆ ಹಿಂದೆ ಒಂದು ಹರಾಜು ನಡ್ದು ಮುಗ್ದಿರುತ್ತೆ. ಇಗೋ ಒಂದು ಮಂದ ಕಿವಿ ಬಂದಿದೆ, ಯಾರಿಗೆ ಬೇಕು? ಕಿವಿ ಮೆಷಿನ್ ಮಾರೋನು ಹೆಚ್ಚಿಗೆ ಕೂಗ್ತಾನೆ, ಜಾಗ ಅವನಿಗೆ. ಪತ್ರಿಕೆಯವನಿಗೆ ಒಂದು ಪಾಲು, ಹರಾಜು ಕೂಗಿದವನಿಗೆ ಒಂದು ಪಾಲು, ಗುರುತು ಹಚ್ಚಿದವನಿಗೆ ಒಂದು ಪಾಲು."

"ಕಿವಿಯವರಿಗೆ?"

"ಕಿವಿಯವರಿಗೆ ಜಾಹೀರಾತು."

ಟ್ರಂಕಾಲಕ್ಕ ಪರದೆಯ ಮೇಲಿನ ಗುಲಾಬಿ ಕಿವಿಯನ್ನು ದುರುಗುಟ್ಟಿ ನೋಡಿದಳು. "ನಮ್ಮ ಕಾಲದಲ್ಲಿ ಕದ್ದು ಕೇಳಿ ಮಾರ್ಕೊಂಡ್ರೆ ಜೈಲು ಅಂತಿದ್ರು."

"ಈಗ ಅಂಥೋರಿಗೆ ಗಾಜಿನ ಕಟ್ಟಡ ಅಕ್ಕ. ಮೂವತ್ತು ಮಹಡಿ, ಒಳಗೆ ಈಜುಕೊಳ."

"ಹಾಳಾಗಿ ಹೋಗ್ಲಿ. ಇದನ್ನ ಅಳಿಸಿಬಿಡು."

ಮೇಸ್ತ್ರಿ ಗಲ್ಲ ಕೆರೆದುಕೊಂಡ. "ಎರಡು ನಿಮಿಷದ ಕೆಲಸ. ಆದ್ರೆ ಹದಿನಾಲ್ಕನೇ ಸುತ್ತೋಲೆ ನೋಡಿಲ್ವಾ? ಆಸ್ಪತ್ರೆ ಕಂಪ್ಯೂಟರಿಂದ ಏನು ಅಳಿಸ್ಬೇಕಾದ್ರೂ ಸಾಹೇಬ್ರ ರುಜು ಬೇಕು. ಯಾಕೆ ಅಳಿಸ್ತಿದ್ದೀರಿ ಅಂತ ಕಾರಣಾನೂ ಬರ್ದು ಕೊಡ್ಬೇಕು."

ಕಾರಣ ಬರೆದುಕೊಡುವುದೂ ನೆಲಮಾಳಿಗೆಗೆ ತಾನೇ ಟಿಕೆಟ್ಟು ತೆಗೆದುಕೊಳ್ಳುವುದೂ ಒಂದೇ. ಟ್ರಂಕಾಲಕ್ಕ ಬೇಡವೆಂದಳು. ಆ ದಿನ ಒಂದೂವರೆಗೆ ಸಾಹೇಬರು ಡಬ್ಬಿ ಹಿಡಿದು ಒಳಗೆ ಬಂದಾಗ ಅವಳು ಬೋರ್ಡಿಗೆ ಮುಖ ಹಾಕಿ, ದೀಪವೇ ಹತ್ತದ ಲೈನಿನಲ್ಲಿ "ಹಲೋ, ಹಲೋ" ಎಂದು ಯಾರೂ ಇಲ್ಲದವರ ಜೊತೆ ಮಾತಾಡಿದಳು. ಬೆನ್ನ ಹಿಂದೆ ಸಾಹೇಬರು ಪುಟ ತಿರುಗಿಸುವುದು ನಿಂತಿತು. ಬಹಳ ಹೊತ್ತು ನಿಂತಿತು. ಆಮೇಲೆ ಅವರು ಅರ್ಧ ಊಟದ ಮೇಲೇ ಡಬ್ಬಿಯ ಮುಚ್ಚಳ ಹಾಕಿ ಎದ್ದು ಹೋದರು.

ಅಲ್ಲಿಂದ ಮೂರನೇ ದಿನಕ್ಕೆ ಪವಾಡ ನಡೆಯಿತು. ಟ್ರಂಕಾಲಕ್ಕ ಅಂಜುತ್ತಂಜುತ್ತ ಪತ್ರಿಕೆಯ ಪುಟ ತೆರೆದರೆ ಎಡಗಡೆ ಮೊಣಕಾಲಿಗೆ ಕಟ್ಟುವ ಪಟ್ಟಿ. ಬಲಗಡೆ ಬೋಳುತಲೆಯ ಮೇಲೆ ಕಾಡು ಬೆಳೆಸುವ ಎಣ್ಣೆ. ಕೆಳಗೆ ಗೊರಕೆ ನಿಲ್ಲಿಸುವ ಕ್ಲಿಪ್ಪು. ಕಿವಿ ಎಲ್ಲೋ ಮೂಲೆಯಲ್ಲಿ ಅನಾಥವಾಗಿತ್ತು. ನಾಲ್ಕನೇ ದಿನ ಹಳೆಯ ಟ್ರ್ಯಾಕ್ಟರ್, ಅವಳಿ ಮಕ್ಕಳ ತೊಟ್ಟಿಲು, ಜೇನುಪೆಟ್ಟಿಗೆ. ಐದನೇ ದಿನ ಕತ್ತೆಯ ಕಾಲಿಗೆ ಹೊಡೆಯುವ ಲಾಳ ಬಂದಾಗ ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಆ ಮೂವತ್ತು ಕಂಪನಿಗಳ ಲೆಕ್ಕದಲ್ಲಿ ಈಗ ಈ ಕೋಣೆಯಲ್ಲಿ ಕೂತಿರುವುದು ಗೊರಕೆ ಹೊಡೆಯುವ, ಬೋಳುತಲೆಯ, ಅವಳಿ ಮಕ್ಕಳ ಬಸುರಿನ, ಮೊಣಕಾಲು ಸವೆದ, ಜೇನು ಸಾಕುವ, ಕತ್ತೆ ಸವಾರಿಯ ಒಬ್ಬ ಮಹಾವ್ಯಕ್ತಿ. ಕಿವಿ ಮಂದವಾಗಿರುವುದು ಅವರ ಕಷ್ಟಗಳಲ್ಲೇ ಅತಿ ಚಿಕ್ಕದು.

ಗುಟ್ಟು ರಟ್ಟಾದದ್ದು ಮರುದಿನ. ಟ್ರಂಕಾಲಕ್ಕ ಪಾಳಿಗೆ ಇಪ್ಪತ್ತು ನಿಮಿಷ ಮೊದಲೇ ಬಂದಳು. ಬೆಳಗಿನ ಬಿಸಿಲು ಮೆಟ್ಟಿಲವರೆಗೆ ಬಂದಿತ್ತು. ಹಜಾರದ ಆ ತುದಿಯಲ್ಲಿರುವಾಗಲೇ ಪಿಸುಮಾತಣ್ಣ ತನಗೆ ತಾನೇ ಹೇಳಿಕೊಳ್ಳುವುದು ಅವಳ ಮಂದ ಕಿವಿಗೂ ಕೇಳಿಸಿತು.

"ಒಂಟೆ... ಗೆ... ಹಲ್ಲು... ನೋವು... ಬಂದರೆ..."

ಒಳಗೆ ಇಣುಕಿದಳು. ಪಿಸುಮಾತಣ್ಣ ಕಂಪ್ಯೂಟರಿನ ಮುಂದೆ ಒಂದು ಬೆರಳಿನಿಂದ ಕುಟ್ಟುತ್ತಿದ್ದ. ಪಕ್ಕದಲ್ಲಿ ಒಂದು ಸುತ್ತೋಲೆಯ ಬೆನ್ನಿಗೆ ಬರೆದ ಪಟ್ಟಿ. ಅಕ್ಷರ ಬುಲೆಟಿನಮ್ಮನದು: ಮೊಣಕಾಲು, ಗೊರಕೆ, ಬೋಳು, ತೊಟ್ಟಿಲು. ಎದುರಿಗೆ ಸರಿ ಗುರುತು.

"ಏನಪ್ಪ ಇದು?"

ಪಿಸುಮಾತಣ್ಣ ಕುರ್ಚಿಸಮೇತ ಹಾರಿದ. "ಅಕ್ಕ, ನೀವು ಬೇಗ ಬಂದ್ರಿ."

"ಒಂಟೆ ಯಾರ್ದು?"

ಅವನು ಕಳ್ಳನಂತೆ ತಲೆ ತಗ್ಗಿಸಿದ. "ಮೇಸ್ತ್ರಿ ಹೇಳ್ದ ಅಕ್ಕ. ಅಳಿಸೋಕೆ ರುಜು ಬೇಕು, ತುಂಬೋಕೆ ಯಾರ ರುಜೂನೂ ಬೇಡ ಅಂತ. ಅದಕ್ಕೆ ಬುಲೆಟಿನಮ್ಮ ಮಧ್ಯಾಹ್ನ ಹತ್ತು ಹುಡುಕ್ತಾಳೆ, ನಾನು ಹೋಗೋ ಮುಂಚೆ ಹತ್ತು ಹುಡುಕ್ತೀನಿ. ಕತ್ತೆ, ಒಂಟೆ ಎಲ್ಲ ನನ್ನ ಸ್ವಂತ ಬುದ್ಧಿ."

"ಯಾರಿಗೋಸ್ಕರ ಇದೆಲ್ಲ?"

ಅವನು ಅವಳ ಕಿವಿಯ ಕಡೆ ನೋಡಿ, ತಟ್ಟನೆ ಕಣ್ಣು ಕೆಳಗಿಳಿಸಿದ.

"ಯಾವತ್ತಿಂದ ಗೊತ್ತು?" ಎಂದಳು ಟ್ರಂಕಾಲಕ್ಕ, ಸ್ಟೂಲಿನ ಮೇಲೆ ಕೂರುತ್ತ.

"ಎಂಟು ತಿಂಗಳಾಯ್ತು. ಮೊದಲೆಲ್ಲ ನಾನು ಬಾಯಿ ಬಿಟ್ರೆ 'ಮೆಲ್ಲಗೆ ಮಾತಾಡೋ, ಕಿವಿ ಹರಿದು ಹೋಗುತ್ತೆ' ಅಂತ ಬಯ್ತಿದ್ರಿ. ಒಂದಿನ ಬಯ್ಯೋದು ನಿಲ್ಲಿಸಿದ್ರಿ. ನನಗೆ ಭಯ ಆಯ್ತು."

ಮಿಕ್ಕದ್ದನ್ನು ಅವಳು ಒಂದೊಂದಾಗಿ ಹೊರಗೆಳೆದಳು. ಹೆಡ್‌ಫೋನಿನ ದನಿಯ ಗುಂಡಿಯನ್ನು ಮೇಲಕ್ಕೆ ತಿರುಗಿಸಿ, ಅದು ಇಳಿಯದಂತೆ ಅಂಟುಪಟ್ಟಿ ಹಾಕಿದವನು ಅವನು. ತುರ್ತು ಲೈನಿಗೆ ಕೆಂಪು ದೀಪ ಹಾಕಿಸಿ, ಅದರ ಕರೆಗಳು ಅದೇ ಹೊತ್ತಿಗೆ ತುರ್ತು ವಾರ್ಡಿನ ನರ್ಸಮ್ಮನ ಮೇಜಿನಲ್ಲೂ ಗುಣುಗುಣಿಸುವಂತೆ ಮೇಸ್ತ್ರಿಯ ಕೈಯಲ್ಲಿ ಮಾಡಿಸಿದವಳು ಬುಲೆಟಿನಮ್ಮ. ಟ್ರಂಕಾಲಕ್ಕ ಎಲ್ಲಾದರೂ ತಡವರಿಸಿದರೂ ಅಲ್ಲಿ ಒಬ್ಬರು ಎತ್ತಿಕೊಳ್ಳುತ್ತಿದ್ದರು. ಇದಿಷ್ಟೂ ಎಂಟು ತಿಂಗಳು ನಡೆದಿತ್ತು, ಮತ್ತು ಬುಲೆಟಿನಮ್ಮ ಒಬ್ಬರಿಗೂ ಹೇಳಿರಲಿಲ್ಲ. ಇತಿಹಾಸದಲ್ಲಿ ಕೋಟೆ ಕಾದವರಿದ್ದಾರೆ, ಕಣಿವೆ ಕಾದವರಿದ್ದಾರೆ. ಆದರೆ ಬುಲೆಟಿನಮ್ಮ ಎಂಟು ತಿಂಗಳು ತನ್ನ ಬಾಯಿ ಕಾದದ್ದಕ್ಕೆ ಸಮನಾದ ಪರಾಕ್ರಮವನ್ನು ಈ ಕಥೆಗಾರ ಕೇಳಿಲ್ಲ.

ಟ್ರಂಕಾಲಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ತನ್ನ ಕಿವಿಯ ಬಗ್ಗೆ ತಿಳಿದುಕೊಂಡವರು ಎರಡು ಗುಂಪು ಎಂದು ಅವಳಿಗೆ ಹೊಳೆಯಿತು. ಒಂದು ಗುಂಪು ಕಾಲು ಗಂಟೆ ನೋಡಿ, ತಿಳಿದುಕೊಂಡು, ಅಷ್ಟರಲ್ಲೇ ಮಾರಿಕೊಂಡಿತು. ಇನ್ನೊಂದು ಗುಂಪು ಎಂಟು ತಿಂಗಳು ತಿಳಿದೂ ಮುಚ್ಚಿಟ್ಟುಕೊಂಡು, ಸಾಲದ್ದಕ್ಕೆ ಒಂಟೆಯ ಹಲ್ಲುನೋವನ್ನು ಮೈಮೇಲೆ ಎಳೆದುಕೊಂಡಿತು.

"ದಡ್ಡರು," ಎಂದಳು. "ಇಬ್ಬರೂ ಶುದ್ಧ ದಡ್ಡರು. ನಿಮ್ಮಂಥೋರು ಸಿಗೋಕೆ ನಾನು ಏನು ಪುಣ್ಯ ಮಾಡಿದ್ನೋ ಗೊತ್ತಿಲ್ಲ."

"ಜೋರಾಗಿ ಹೇಳಿ ಅಕ್ಕ, ಕೇಳಿಸ್ಲಿಲ್ಲ," ಎಂದ ಪಿಸುಮಾತಣ್ಣ. ಮೂರನೇ ಮಹಡಿಗೆ ಕೇಳಿಸಿತು.

ಅದೇ ಸಂಜೆ ಅವಳು ಗಂಡನನ್ನು ಕರೆದುಕೊಂಡು ಎರಡು ಬೀದಿ ಆಚೆಯ ಕಿವಿ ಪರೀಕ್ಷೆಯ ಅಂಗಡಿಗೆ ಹೋದಳು. ಸ್ನೇಹಿತರ ಬೆನ್ನ ಮೇಲೆ ಇನ್ನೆಷ್ಟು ದಿನ ಕೂತಿರುವುದು ಎನ್ನುವುದು ಒಂದು ಕಾರಣ. ನರ್ಸಮ್ಮನ ಮೇಜು ಖಾಲಿಯಿದ್ದ ಗಳಿಗೆಯಲ್ಲೇ ತಾನೂ ತಡವರಿಸಿದರೆ ಎನ್ನುವುದು ಇನ್ನೊಂದು, ಅದು ನಿದ್ದೆ ಕೆಡಿಸುವಂಥದು. ಅಲ್ಲಿನ ಹುಡುಗಿ ಮೊದಲು ಕೈಗೊಂದು ಹಲಗೆಯಂಥ ಫೋನು ಕೊಟ್ಟಳು.

"ಆಂಟಿ, ಕೆಳಗೆ ಒಪ್ಪಿಗೆ ಅಂತ ಇದೆ, ಒತ್ತಿಬಿಡಿ. ಎಲ್ರೂ ಒತ್ತುತಾರೆ."

ಟ್ರಂಕಾಲಕ್ಕ ಕನ್ನಡಕ ಏರಿಸಿ, ಮೊದಲಿಂದ ಓದತೊಡಗಿದಳು. ಹಿಂದೆ ಕಾಯುತ್ತಿದ್ದವರು ಕೆಮ್ಮಿದರು. ಗಂಡ ನಗುತ್ತ ಗೋಡೆಯ ಚಿತ್ರ ನೋಡಿದರು. ಏಳನೇ ಪುಟದಲ್ಲಿ ಅವಳ ಬೆರಳು ನಿಂತಿತು. "ನಮ್ಮ ಪಾಲುದಾರರ ಜೊತೆ ಹಂಚಿಕೊಳ್ಳಬಹುದು ಅಂತ ಇದೆಯಲ್ಲಮ್ಮ. ಪಾಲುದಾರರು ಯಾರು?"

"ನನಗೆ ಗೊತ್ತಿಲ್ಲ ಆಂಟಿ."

"ನಿನಗೇ ಗೊತ್ತಿಲ್ಲದೋರಿಗೆ ನನ್ನ ಕಿವಿ ಯಾಕೆ ಕೊಡ್ಲಿ? ಕಾಗದದ ಫಾರಂ ಇದ್ಯಾ?"

ಇತ್ತು. ಡ್ರಾಯರಿನ ತಳದಲ್ಲಿ, ಧೂಳಿನ ಜೊತೆ. ಪಾಲುದಾರರ ಸಾಲನ್ನು ಟ್ರಂಕಾಲಕ್ಕ ಪೆನ್ನಿನಿಂದ ನಾಲ್ಕು ಸಲ ಹೊಡೆದು ರುಜು ಹಾಕಿದಳು. ಪರೀಕ್ಷೆಯೂ ಆಯಿತು. ಎರಡೂ ಕಿವಿಗೆ ಯಂತ್ರ ಬೇಕು, ಅಳತೆಗೆ ಮಾಡಿಸಿದ್ದು ಗುರುವಾರ ಬರುತ್ತದೆ, ಹಾಕಿಕೊಂಡರೆ ಚೆನ್ನಾಗಿ ಕೇಳಿಸುತ್ತದೆ ಎಂದರು. ಆಸ್ಪತ್ರೆಯ ಪರೀಕ್ಷೆಗೆ ಇನ್ನೂ ಹನ್ನೆರಡು ದಿನ ಇತ್ತು. ಬಾಯಿ ಮುಚ್ಚಿಕೊಂಡು ಗುರುವಾರದವರೆಗೆ ಕಾದು, ಕೂದಲಿನ ಮರೆಯಲ್ಲಿ ಯಂತ್ರ ಇಟ್ಟುಕೊಂಡರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ.

ಆದರೆ ಬುಧವಾರ ಸುತ್ತೋಲೆ ಸಾಹೇಬರು ಕುಂಟುತ್ತ ಬಂದರು.

ಡಬ್ಬಿ ತಂದಿರಲಿಲ್ಲ. ಪ್ಯಾಂಟಿನೊಳಗೆ ಎರಡೂ ಮೊಣಕಾಲು ದಪ್ಪಗೆ ಕಾಣುತ್ತಿದ್ದವು. ನೆತ್ತಿಯಿಂದ ಎಂಥದೋ ಎಣ್ಣೆಯ ವಾಸನೆ ಬರುತ್ತಿತ್ತು. ಪಾಳಿ ಬದಲಾಗುವ ಹೊತ್ತು, ಬುಲೆಟಿನಮ್ಮನೂ ಆಗತಾನೇ ಬಂದು ಚೀಲ ಇಡುತ್ತಿದ್ದಳು. ಸಾಹೇಬರು ಕುರ್ಚಿಯಲ್ಲಿ ನಿಧಾನವಾಗಿ ಇಳಿದು ಕೂತರು.

"ಅಮ್ಮಾ, ನೀವು ಹಿರಿಯರು. ಒಂದು ಮಾತು ಕೇಳ್ತೀನಿ. ನಿಮ್ಮ ಕಣ್ಣಿಗೆ ನಾನು ಹೇಗೆ ಕಾಣ್ತಿದ್ದೀನಿ?"

"ಚೆನ್ನಾಗೇ ಇದ್ದೀರಲ್ಲ ಸಾರ್."

"ಇಲ್ಲಮ್ಮ. ಒಳಗೆ ಪೂರ್ತಿ ಹೋಗಿದೆ." ಅವರು ಕಂಪ್ಯೂಟರಿನ ಕಡೆ ಭಯದಿಂದ ನೋಡಿದರು. "ಇದಕ್ಕೆ ಮನುಷ್ಯನ ಬಗ್ಗೆ ಎಲ್ಲ ಗೊತ್ತಾಗುತ್ತಂತೆ. ಡಾಕ್ಟರಿಗಿಂತ ಮುಂಚೆ ಗೊತ್ತಾಗುತ್ತಂತೆ, ಪೇಪರಲ್ಲಿ ಓದಿದ್ದೆ. ಮೊದಲು ಕಿವಿ ತೋರಿಸ್ತು. ಹೋಗಿ ಪರೀಕ್ಷೆ ಮಾಡಿಸ್ದೆ. ಏನೂ ಇಲ್ಲ ಅಂದ್ರು, ನಾನು ನಂಬ್ಲಿಲ್ಲ. ಆಮೇಲೆ ಮೊಣಕಾಲು ಅಂತು. ಅವತ್ತಿಂದ ನೋವು ಶುರುವಾಯ್ತು ನೋಡಿ. ಗೊರಕೆ ಅಂತು. ಹೆಂಡತೀನ ಕೇಳಿದ್ರೆ ಹೌದು ಅಂದ್ಲು. ನಾಡಿದ್ದು ಮೂಳೆ ಡಾಕ್ಟರ್ ಹತ್ರ ಹೋಗ್ತಿದ್ದೀನಿ. ಆಪರೇಷನ್ ಅಂದ್ರೆ ಮಾಡಿಸ್ಕೊಂಡು ಬಿಡೋದು." ಅವರು ಉಸಿರು ಬಿಟ್ಟರು. "ಕತ್ತೆ ಲಾಳ ಯಾಕೆ ತೋರಿಸ್ತಿದೆ ಅಂತ ಮಾತ್ರ ಅರ್ಥ ಆಗ್ಲಿಲ್ಲ. ಏನೋ ಕೆಟ್ಟ ಸೂಚನೆ ಇರ್ಬೇಕು."

ಬುಲೆಟಿನಮ್ಮ ಚೀಲದೊಳಗೆ ತಲೆ ಹಾಕಿಬಿಟ್ಟಳು. ಅವಳ ಭುಜ ಕುಲುಕುತ್ತಿತ್ತು. ಟ್ರಂಕಾಲಕ್ಕನಿಗೆ ಮಾತ್ರ ನಗು ಬರಲಿಲ್ಲ. ಒಂದೇ ಒಂದು ದಿನ ಸುಮ್ಮನಿದ್ದರೆ ಸಾಕಿತ್ತು. ಆದರೆ ತನ್ನ ಕಿವಿ ಉಳಿಯಲು ಈ ಬಡಪಾಯಿಯ ಮೊಣಕಾಲಿಗೆ ಕತ್ತಿ ಬೀಳುವುದನ್ನು ನೋಡುತ್ತ ಕೂರುವುದು ಹೇಗೆ? ಬುಲೆಟಿನಮ್ಮ ಚೀಲದಿಂದ ತಲೆ ಎತ್ತಿ, ಬೇಡ ಎಂದು ಕಣ್ಣಿನಲ್ಲೇ ಬೇಡಿಕೊಂಡಳು. ಟ್ರಂಕಾಲಕ್ಕ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು.

"ಸಾರ್, ಆ ಕಿವಿ ನಿಮ್ಮದಲ್ಲ. ನನ್ನದು."

ಸಾಹೇಬರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅವಳು ಮೊದಲಿಂದ ಹೇಳಿದಳು: ಹುಡುಕಿದ್ದು, ಪುಟ ಮುಚ್ಚಿದ್ದು, ಹರಾಜು, ನಾಳೆ ಬರಲಿರುವ ಯಂತ್ರ, ಎಲ್ಲ.

"ಮತ್ತೆ ಮೊಣಕಾಲು?"

"ಅದು ನಾನು ಸಾರ್," ಎಂದಳು ಬುಲೆಟಿನಮ್ಮ.

"ಗೊರಕೆ?"

"ಅದೂ ನಾನೇ. ಆದ್ರೆ ನಿಮ್ಮ ಮನೆಯವರು ಹೌದು ಅಂದಿದ್ದಕ್ಕೆ ನಾನು ಹೊಣೆ ಅಲ್ಲ."

"ಕತ್ತೆ?"

"ಪಿಸುಮಾತಣ್ಣ. ನಾಳೆಯಿಂದ ಒಂಟೆ ಬರ್ಬಹುದು ಸಾರ್, ಹೆದರ್ಕೋಬೇಡಿ."

ಸಾಹೇಬರು ಎದ್ದು ನಿಂತರು. ಎಡಗಾಲು ಮಡಚಿದರು, ಬಲಗಾಲು ಮಡಚಿದರು. "ನೋವಿಲ್ಲ," ಎಂದರು ಮೆಲ್ಲಗೆ. ಮುಖದ ಮೇಲಿನ ಮೂವತ್ತು ವರ್ಷ ಇಳಿದುಹೋದಂತೆ ಕಂಡಿತು. ಆದರೆ ಮರುಗಳಿಗೆಗೆ ಉಗ್ರಾಣದ ಶಿಸ್ತು ವಾಪಸು ಬಂತು.

"ಅಮ್ಮಾ, ನೀವು ಹೇಳಿದ್ದು ದೊಡ್ಡ ಉಪಕಾರ. ಆದ್ರೆ ಇಲ್ಲಿಗೆ ಫೋನ್ ಮಾಡೋರು ಸಾಯೋ ಸಂಕಟದಲ್ಲಿ ಮಾಡ್ತಾರೆ. ಗೊತ್ತಾದ ಮೇಲೆ ನಾನು ಸುಮ್ಮನಿರೋ ಹಾಗಿಲ್ಲ. ಪರೀಕ್ಷೆ ಮುಗಿಯೋವರೆಗೆ ನೀವು ಬೋರ್ಡ್ ಮುಟ್ಟಬಾರದು."

"ನ್ಯಾಯ ಸಾರ್," ಎಂದು ಟ್ರಂಕಾಲಕ್ಕ ಕುರ್ಚಿ ಬಿಟ್ಟು ಎದ್ದಳು.

"ಯಂತ್ರ ಹಾಕ್ಕೊಂಡೇ ಪರೀಕ್ಷೆಗೆ ಬನ್ನಿ. ಹಾಕ್ಕೋಬಾರದು ಅಂತ ಹನ್ನೊಂದನೇ ಸುತ್ತೋಲೆಯಲ್ಲಿ ನಾನು ಬರ್ದಿಲ್ಲ." ಬಾಗಿಲ ಹತ್ತಿರ ಹೋಗಿ ತಿರುಗಿದರು. "ನಾನು ಬರ್ದಿಲ್ಲ ಅಂದ್ರೆ ಇಲ್ಲ."

ಮುಂದಿನ ಹತ್ತು ದಿನ ಅವಳು ನೆಲಮಾಳಿಗೆಯಲ್ಲಿ ಹೊದಿಕೆ ಮಡಿಸಿದಳು. ಬೆಳಗಿನ ಪಾಳಿಯನ್ನು ಉಳಿದಿಬ್ಬರು ಅರ್ಧರ್ಧ ಹಂಚಿಕೊಂಡು, ನಿದ್ದೆಗೆಟ್ಟ ಕಣ್ಣಿನಲ್ಲಿ ತೂಕಡಿಸುತ್ತ ನಡೆಸಿದರು. ಬದಲಿ ಆಪರೇಟರನ್ನು ಕರೆಸಲು ಇಬ್ಬರೂ ಒಪ್ಪಲಿಲ್ಲ, ಬಂದವರು ಕೂತುಬಿಟ್ಟರೆ ಎಂಬ ಭಯ. ಈ ನಡುವೆ ಇಪ್ಪತ್ತನೇ ಸುತ್ತೋಲೆ ಹೊರಟಿತು: ಪ್ರತಿ ಪಾಳಿಯ ಕೊನೆಗೆ ಕಂಪ್ಯೂಟರಿನ ಹುಡುಕಾಟವನ್ನೂ ಅದರಲ್ಲಿ ಹಚ್ಚಿದ ಗುರುತುಗಳನ್ನೂ ಅಳಿಸತಕ್ಕದ್ದು, ಕಾರಣ ಯಾರೂ ಕೇಳತಕ್ಕದ್ದಲ್ಲ.

ಪರೀಕ್ಷೆಯ ದಿನ ಕಿವಿ ಡಾಕ್ಟರು, ಯಂತ್ರ ಹಾಕಿಕೊಂಡು ಕೂತ ಅವಳ ಬೆನ್ನ ಹಿಂದೆ ನಿಂತು, ಬಾಯಿಗೆ ಕಾಗದ ಅಡ್ಡ ಹಿಡಿದು, ಐವತ್ತು ನಂಬರುಗಳನ್ನು ಒಂದಕ್ಕಿಂತ ಒಂದು ಸಣ್ಣ ದನಿಯಲ್ಲಿ ಹೇಳಿದರು. ಕೊನೆಕೊನೆಯವು ಉಸಿರಿನಷ್ಟು ತೆಳ್ಳಗೆ. ಟ್ರಂಕಾಲಕ್ಕ ಕಣ್ಣು ಮುಚ್ಚಿ, ಮಡಿಲಲ್ಲಿ ಕೈ ಇಟ್ಟು, ಒಂದೊಂದನ್ನೇ ತಿರುಗಿ ಹೇಳಿದಳು. ಮೂವತ್ತೊಂದನೆಯದರಲ್ಲಿ ಹೊರಗಿನ ಟ್ರಾಲಿಯ ಸದ್ದು ಅಡ್ಡ ಬಂದು ತಪ್ಪಿತು. ಉಳಿದ ನಲವತ್ತೊಂಬತ್ತು ಸರಿ. ಡಾಕ್ಟರು ಕಾಗದದ ಮೇಲೆ ಬರೆದು, ಮೊಹರು ಒತ್ತಿ, ಕೈಗೆ ಕೊಟ್ಟರು.

ಅವಳು ಅದನ್ನು ಮಡಿಸಿ ಹಿಡಿದು ಹೊರಗೆ ಬಂದಾಗ ಹಜಾರದ ಬೆಂಚಿನ ಮೇಲೆ ಇಬ್ಬರು ಕೂತಿದ್ದರು. ಪಿಸುಮಾತಣ್ಣ ಮನೆಗೆ ಹೋಗಿ ಮಲಗಬೇಕಾದವನು. ಬುಲೆಟಿನಮ್ಮ ಬೋರ್ಡನ್ನು ಅರ್ಧ ಗಂಟೆ ಮೇಸ್ತ್ರಿಗೆ ಒಪ್ಪಿಸಿ ಬಂದವಳು. ಇಬ್ಬರೂ ಒಟ್ಟಿಗೇ ಎದ್ದರು.

"ಏನಾಯ್ತು ಅಕ್ಕ?" ಎಂದಳು ಬುಲೆಟಿನಮ್ಮ.

ಟ್ರಂಕಾಲಕ್ಕ ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡಳು. "ಏನಂದೆ? ಜೋರಾಗಿ ಹೇಳು, ಕೇಳಿಸ್ತಿಲ್ಲ."

ಬುಲೆಟಿನಮ್ಮನ ಮುಖ ಬಾಡಿತು. ಪಿಸುಮಾತಣ್ಣ ಗೋಡೆ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರು ಬರುವುದನ್ನು ಕಂಡು ಟ್ರಂಕಾಲಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ಮಡಿಸಿದ ಕಾಗದ ಬಿಚ್ಚಿ ಇಬ್ಬರ ಮೂಗಿನ ಮುಂದೆ ಹಿಡಿದಳು. ಅವರು ಓದಿದರು. ಮತ್ತೊಮ್ಮೆ ಓದಿದರು.

"ನಿನ್ನ ನಾಟಕಕ್ಕೆ ಬೆಂಕಿ ಹಾಕ," ಎಂದಳು ಬುಲೆಟಿನಮ್ಮ, ಅಳುತ್ತ, ನಗುತ್ತ, ಅವಳ ತೋಳಿಗೆ ಗುದ್ದುತ್ತ. "ಎಂಟು ತಿಂಗಳು ಬಾಯಿ ಹೊಲ್ಕೊಂಡಿದ್ದೆ ನಿನಗೋಸ್ಕರ. ಇವತ್ತು ಇಡೀ ಆಸ್ಪತ್ರೆಗೆ ಹೇಳ್ತೀನಿ ನೋಡು."

"ಹೇಳು," ಎಂದಳು ಟ್ರಂಕಾಲಕ್ಕ. "ಇದೊಂದನ್ನ ಎಲ್ರಿಗೂ ಹೇಳು."

ಬುಲೆಟಿನಮ್ಮ ಆಗಲೇ ಮೆಟ್ಟಿಲು ಹತ್ತುತ್ತಿದ್ದಳು.